ನಿಮ್ಮ ಬಯಸ್ ಸೋಲೋ ಹೊರಟಾಗ ಏನ್ ನೋಡ್ಬೇಕು, ಹೇಗ್ ಕೇಳ್ಬೇಕು

ನಿಮ್ಮ ಬಯಸ್, ಅಂದ್ರೆ ಕೊರಿಯಾದ ಪಾಪ್ (ಕೆ-ಪಾಪ್) ಗ್ರೂಪಲ್ಲಿ ನಿಮಗೆ ಎಲ್ಲರಿಗಿಂತ ಇಷ್ಟದ ಮೆಂಬರ್, ಸೋಲೋ ಮಾಡ್ತಿದಾರೆ ಅಂತ ಸುದ್ದಿ ಬಂದ ತಕ್ಷಣ ಎದೆ ಧಸಕ್ ಅನ್ನತ್ತೆ, ಅದು ಖುಷಿನಾ ಭಯಾನಾ ಅಂತ ಮೊದಲ ಅರ್ಧ ಗಂಟೆ ಗೊತ್ತೇ ಆಗಲ್ಲ. ಗ್ರೂಪ್ ಮುಗೀತಾ, ಒಳಗೆ ಜಗಳ ಆಯ್ತಾ, ಕಂಪನಿ ಬಿಟ್ರಾ, ಹೀಗೆ ಒಂದರ ಹಿಂದೆ ಒಂದು ತಲೇಲಿ ಓಡ್ತಾನೇ ಇರತ್ತೆ. ಸನ್ಮಿ 2010ರಲ್ಲಿ ವಂಡರ್ ಗರ್ಲ್ಸ್ ಅನ್ನೋ ಗರ್ಲ್ ಗ್ರೂಪ್ ಬಿಟ್ಟಾಗ ನನಗೆ ಎರಡು ದಿನ ಸರಿಯಾಗಿ ಊಟ ಸೇರಿರ್ಲಿಲ್ಲ, ಇಷ್ಟು ಒಳ್ಳೆ ಸಿಂಗರ್ ಇನ್ಮೇಲೆ ಹಾಡೋದೇ ಇಲ್ವೇನೋ ಅಂತ. ಆಮೇಲೆ ಅವ್ರು ಬಿಟ್ಟು ಬಂದು ಹೋಗಿ ಮತ್ತೆ ಬಂದ ದಾರಿ ಪೂರ್ತಿ ನೋಡಿದ ಮೇಲೆ, ಬೇರೆ ಹತ್ತಾರು ಜನರ ದಾರೀನೂ ನೋಡಿದ ಮೇಲೆ, ನನಗೆ ಒಂದು ವಿಷಯ ಗಟ್ಟಿಯಾಯ್ತು: ಪೋಸ್ಟರಲ್ಲಿ ಸೋಲೋ ಡೆಬ್ಯೂ ಅಂತ ಹಾಕಿರೋ ತಾರೀಖು ಬೇರೆ, ಒಬ್ಬ ಸಿಂಗರ್ ನಿಜವಾಗ್ಲೂ ಸೋಲೋ ಆಗೋ ದಿನ ಬೇರೆ. ಆ ಎರಡನೇ ದಿನಾನ ಗುರುತು ಹಿಡಿಯೋದು ಹೇಗೆ ಅಂತ ನಾನು ಕಲ್ತಿದ್ದನ್ನ ಇಲ್ಲಿ ಬರೀತಿದೀನಿ, ಹೊಸದಾಗಿ ಕೆ-ಪಾಪ್ ಕೇಳೋಕೆ ಶುರು ಮಾಡಿರೋರಿಗೆ ಉಪಯೋಗ ಆಗ್ಲಿ ಅಂತ.

ಮೊದ್ಲು ಇದು ಯಾವ ಥರದ ಸೋಲೋ ಅಂತ ನೋಡ್ಕೊಳ್ಳಿ

ಎಲ್ಲಾ ಸೋಲೋನೂ ಒಂದೇ ಅಲ್ಲ, ಜಾಸ್ತಿ ಜನ ಎಡವೋದು ಇಲ್ಲೇ. ಗ್ರೂಪಲ್ಲೂ ಇದ್ಕೊಂಡು ಅದೇ ಕಂಪನೀಲೂ ಇದ್ಕೊಂಡು ಸೋಲೋ ಮಾಡೋದು ಒಂದು ಥರ. ಗರ್ಲ್ಸ್ ಜೆನರೇಷನ್‌ನ ಟೇಯಾನ್ 2007ರಲ್ಲಿ ಗ್ರೂಪ್ ಜೊತೆ ಡೆಬ್ಯೂ ಆದ್ರು, ಮೊದಲ ಸೋಲೋ ಆಲ್ಬಮ್ ತಂದಿದ್ದು 2015ರ ಅಕ್ಟೋಬರಲ್ಲಿ, ಅಂದ್ರೆ ಎಂಟು ವರ್ಷ ಆದ್ಮೇಲೆ, ಕಂಪನಿ ಅದೇ ಎಸ್‌ಎಂ. ಬ್ಲ್ಯಾಕ್‌ಪಿಂಕ್‌ನ ಜೆನ್ನಿ 2018ರ ನವೆಂಬರಲ್ಲಿ ಸೋಲೋ ಮಾಡಿದ್ರು, ಹಾಡಿನ ಹೆಸರೇ 'ಸೋಲೋ'. ಟ್ವೈಸ್‌ನ ನಯಾನ್ 2022ರ ಜೂನಲ್ಲಿ 'ಪಾಪ್!' ತಂದ್ರು. ಇವ್ರು ಯಾರೂ ಗ್ರೂಪ್ ಬಿಟ್ಟಿಲ್ಲ. ನಿಮ್ಮ ಬಯಸ್‌ದು ಈ ಥರದ ಸೋಲೋ ಆಗಿದ್ರೆ ನಿಶ್ಚಿಂತೆಯಿಂದ ಹಾಡು ಕೇಳಿ ಅಷ್ಟೇ, ರಾತ್ರಿಯೆಲ್ಲ ಕೂತ್ಕೊಂಡು ಥಿಯರಿ ಕಟ್ಟೋ ಅವಶ್ಯಕತೆ ಇಲ್ಲ.

ಎರಡನೇದು, ಶುರುವಿಂದ್ಲೇ ಮುಗಿಯೋ ದಿನ ಫಿಕ್ಸ್ ಆಗಿರೋ ಪ್ರಾಜೆಕ್ಟ್ ಗ್ರೂಪ್. 2016ರಲ್ಲಿ ಎಂನೆಟ್ ಚಾನಲ್‌ನ ಪ್ರೊಡ್ಯೂಸ್ 101 ಶೋನಿಂದ 11 ಜನರ ಐಓಐ ಹುಟ್ಟಿತು, ಆ ವರ್ಷ ಮೇ ತಿಂಗಳಲ್ಲಿ ಡೆಬ್ಯೂ, 2017ರ ಜನವರಿಗೆ ಎಲ್ಲಾ ಮುಗೀತು. ಅದ್ರಲ್ಲಿ ನಾಲ್ಕನೇ ಸ್ಥಾನ ಬಂದ ಚಂಗ್‌ಹಾ ತಮ್ಮ ಕಂಪನಿಗೆ ವಾಪಸ್ ಹೋಗಿ ಅದೇ ವರ್ಷ ಜೂನಲ್ಲೇ ಸೋಲೋ ಆದ್ರು. ಮೊದಲನೇ ಸ್ಥಾನ ಬಂದ ಸೋಮಿಗೆ ಅದಕ್ಕೆ 2019ರ ಜೂನ್ ತನಕ ಕಾಯ್ಬೇಕಾಯ್ತು, ಅಷ್ಟರಲ್ಲಿ ಕಂಪನೀನೂ ಬದಲಾಗಿತ್ತು. ರ್‍ಯಾಂಕ್ ಜಾಸ್ತಿ ಇದ್ದೋರು ಬೇಗ ಸೋಲೋ ಆಗ್ತಾರೆ ಅಂತ ಏನಿಲ್ಲ, ಕಂಪನೀಲಿ ಯಾರು ಏನು ಪ್ಲಾನ್ ಇಟ್ಕೊಂಡಿದಾರೆ ಅನ್ನೋದ್ರ ಮೇಲೆ ಹೋಗತ್ತೆ.

ಮೂರನೇದು ಗ್ರೂಪ್ ಮುಗಿದ ಮೇಲೆ ಅಥವಾ ಗ್ರೂಪ್ ಬಿಟ್ಟ ಮೇಲಿನ ಸೋಲೋ, ಸನ್ಮಿದು, ಸಿಸ್ಟಾರ್‌ನ ಹ್ಯೋಲಿನ್‌ದು ಈ ಸಾಲಿಗೆ ಬರತ್ತೆ. ನಾಲ್ಕನೇದು ಈಚೆಗೆ ಬಂದಿರೋ ಮಿಶ್ರ ಏರ್ಪಾಟು. ಬ್ಲ್ಯಾಕ್‌ಪಿಂಕ್ 2023ರ ಡಿಸೆಂಬರಲ್ಲಿ ಗ್ರೂಪ್ ಕೆಲಸಕ್ಕೆ ಮಾತ್ರ ತಮ್ಮ ಕಂಪನಿ ವೈಜಿ ಜೊತೆ ಕಾಂಟ್ರ್ಯಾಕ್ಟ್ ಮುಂದುವರೆಸಿದ್ರು, ಸೋಲೋ ಕೆಲಸಕ್ಕೆ ನಾಲ್ಕೂ ಜನ ಹೊರಗೆ ಬಂದ್ರು. ಜೆನ್ನಿ ಓಡ್ ಅಟೆಲಿಯೇ ಅಂತ, ಲೀಸಾ ಲೌಡ್ ಅಂತ, ಜಿಸೂ ಬ್ಲಿಸೂ ಅಂತ ತಮ್ಮದೇ ಕಂಪನಿ ಮಾಡ್ಕೊಂಡ್ರು, ರೋಸೇ ದಿ ಬ್ಲ್ಯಾಕ್ ಲೇಬಲ್ ಸೇರಿದ್ರು. ಆಗ ಗ್ರೂಪ್ ಮುಗೀತು ಅಂತ ಅತ್ತೋರು ಎಷ್ಟು ಜನ, ಆದ್ರೆ 2025ರ ಜುಲೈಲಿ ನಾಲ್ಕೂ ಜನ ಒಟ್ಟಿಗೆ ವರ್ಲ್ಡ್ ಟೂರ್ ಶುರು ಮಾಡಿದ್ರು.

ಹಾಗಾಗಿ ಅನೌನ್ಸ್‌ಮೆಂಟ್ ಬಂದಾಗ ಒಂದೊಂದು ಪದಾನೂ ನಿಧಾನವಾಗಿ ಓದಿ. ಗ್ರೂಪ್ ಕಾಂಟ್ರ್ಯಾಕ್ಟ್ ಅಂತ ಹೇಳ್ತಿದಾರಾ, ವೈಯಕ್ತಿಕ ಕಾಂಟ್ರ್ಯಾಕ್ಟ್ ಅಂತ ಹೇಳ್ತಿದಾರಾ, ಎರಡೂನಾ? "ಎಕ್ಸ್‌ಕ್ಲೂಸಿವ್ ಕಾಂಟ್ರ್ಯಾಕ್ಟ್ ಮುಗಿದಿದೆ" ಅನ್ನೋದೂ "ಟೀಮ್ ಬಿಟ್ಟಿದಾರೆ" ಅನ್ನೋದೂ ಒಂದೇ ಅಲ್ಲ. 2017ರಲ್ಲಿ ಗರ್ಲ್ಸ್ ಜೆನರೇಷನ್‌ನ ಟಿಫನಿ, ಸೂಯಂಗ್, ಸೋಹ್ಯುನ್ ಮೂವರೂ ಎಸ್‌ಎಂ ಬಿಟ್ರು, ಆದ್ರೆ ಗ್ರೂಪ್ ಬಿಡ್ಲಿಲ್ಲ. 2022ರ ಆಗಸ್ಟಲ್ಲಿ 15 ವರ್ಷದ ಆಲ್ಬಮ್‌ಗೆ ಮೂವರೂ ಬಂದು ಹಾಡಿದ್ರು. ಐದು ವರ್ಷ ಬೇರೆ ಬೇರೆ ಕಂಪನೀಲಿ ಇದ್ದೋರು ಒಂದೇ ಸ್ಟೇಜಿಗೆ ಬರೋಕೆ ಎಷ್ಟು ಜನ ಎಷ್ಟು ಸಲ ಮಾತಾಡಿರ್ಬೇಕು ನೋಡಿ.

ಏಳು ವರ್ಷದ ಲೆಕ್ಕ

ಇದನ್ನ ಒಂದ್ಸಲ ತಿಳ್ಕೊಂಡ್ರೆ ಅರ್ಧ ಸುದ್ದಿ ಮೊದ್ಲೇ ಊಹಿಸ್ಬೋದು. ಹಿಂದೆ ಕೊರಿಯಾದಲ್ಲಿ ಐಡಲ್‌ಗಳ, ಅಂದ್ರೆ ಈ ಥರದ ಪಾಪ್ ಸಿಂಗರ್‌ಗಳ, ಕಾಂಟ್ರ್ಯಾಕ್ಟ್ ತುಂಬಾ ಉದ್ದ ಇರ್ತಿತ್ತು. 2009ರಲ್ಲಿ ಟಿವಿಎಕ್ಸ್‌ಕ್ಯೂ ಅನ್ನೋ ಬಾಯ್ ಗ್ರೂಪ್‌ನ ಮೂವರು 13 ವರ್ಷದ ಕಾಂಟ್ರ್ಯಾಕ್ಟ್ ಅನ್ಯಾಯ ಅಂತ ಕೋರ್ಟಿಗೆ ಹೋಗಿದ್ದು ದೊಡ್ಡ ಸುದ್ದಿ ಆಗಿತ್ತು. ಅದೇ ವರ್ಷ ಅಲ್ಲಿನ ಫೇರ್ ಟ್ರೇಡ್ ಕಮಿಷನ್ ಒಂದು ಮಾದರಿ ಕಾಂಟ್ರ್ಯಾಕ್ಟ್ ತಂತು, ಅದ್ರ ಪ್ರಕಾರ ಏಳು ವರ್ಷದ ಮೇಲೆ ಸಿಂಗರ್‌ನ ಕಟ್ಟಿಹಾಕೋ ಹಾಗಿಲ್ಲ. ಆವತ್ತಿಂದ ಏಳನೇ ವರ್ಷ ಅಂದ್ರೆ ಫ್ಯಾನ್‌ಗಳಿಗೆ ನಡುಕ. ಫೋರ್‌ಮಿನಿಟ್ ಅನ್ನೋ ಗರ್ಲ್ ಗ್ರೂಪ್ 2009ರ ಜೂನಲ್ಲಿ ಡೆಬ್ಯೂ, 2016ರ ಜೂನಲ್ಲಿ ಮುಗೀತು. ಸಿಸ್ಟಾರ್ 2010ರ ಜೂನ್, ಮುಗಿದಿದ್ದು 2017ರ ಜೂನ್. ತಿಂಗಳು ಕೂಡ ತಪ್ಪಿಲ್ಲ.

ಈ ಲೆಕ್ಕ ಹೀಗೆ ಹಾಕಿ: ಗ್ರೂಪ್ ಡೆಬ್ಯೂ ತಾರೀಖಿಗೆ ಏಳು ಕೂಡಿಸಿ, ಅದ್ರ ಹಿಂದಿನ ಒಂದು ಒಂದೂವರೆ ವರ್ಷದಲ್ಲಿ ಏನೇನ್ ಆಗ್ತಿದೆ ಗಮನಿಸಿ. ಆ ಟೈಮಲ್ಲಿ ಕಂಪನಿ ಒಬ್ಬೊಬ್ಬರಿಗೂ ಸೋಲೋ ಕೊಡೋಕೆ ಶುರು ಮಾಡಿದ್ರೆ ಅದು ಹೆಚ್ಚಿನ ಸಲ ಜನಾನ ಉಳಿಸ್ಕೊಳ್ಳೋ ಪ್ರಯತ್ನ ಅಂತ ನನ್ನ ಅನಿಸಿಕೆ, ಕಳಿಸೋ ಪ್ರಯತ್ನ ಅಲ್ಲ. ಟ್ವೈಸ್ ಡೆಬ್ಯೂ 2015ರ ಅಕ್ಟೋಬರ್, ನಯಾನ್ ಸೋಲೋ ಬಂದಿದ್ದು 2022ರ ಜೂನ್, ಒಂಬತ್ತೂ ಜನ ಮತ್ತೆ ಸೈನ್ ಮಾಡಿದ ಸುದ್ದಿ ಬಂದಿದ್ದು ಅದರ ಮುಂದಿನ ತಿಂಗಳು. ಇನ್ನೊಂದು ವಿಷಯ, ಗ್ರೂಪ್ ಹೆಸರು ಯಾರದ್ದು ಅನ್ನೋದು. ಟ್ರೇಡ್‌ಮಾರ್ಕ್ ಕಂಪನಿ ಕೈಲಿ ಇದ್ರೆ ಹೊರಗೆ ಹೋದೋರು ಹಳೇ ಹೆಸರಲ್ಲಿ ಸ್ಟೇಜ್ ಹತ್ತೋಕೆ ಕಷ್ಟ. ಹಾಗಾಗಿ ಹೊರಗೆ ಬಂದ ಸಿಂಗರ್ ಪೋಸ್ಟರಲ್ಲಿ ಹಳೇ ಗ್ರೂಪ್ ಹೆಸರು ಕಾಣ್ಸಿಲ್ಲ ಅಂದ ತಕ್ಷಣ ಮರೆತುಬಿಟ್ರು ಅಂತ ಬೇಜಾರ್ ಮಾಡ್ಕೋಬೇಡಿ.

ಸೋಲೋ ಕೇಳೋ ಮುಂಚೆ ಹಳೇ ಹಾಡಿಗೆ ವಾಪಸ್ ಹೋಗಿ

ಒಂದು ಹಾಡು 3 ನಿಮಿಷ 20 ಸೆಕೆಂಡ್ ಅಂದ್ಕೊಳ್ಳಿ, ಅಂದ್ರೆ 200 ಸೆಕೆಂಡ್. ಒಂಬತ್ತು ಜನರ ಗ್ರೂಪಲ್ಲಿ ಸಮವಾಗಿ ಹಂಚಿದ್ರೂ ಒಬ್ಬರಿಗೆ ಸಿಗೋದು 22 ಸೆಕೆಂಡ್ ಚಿಲ್ಲರೆ, ಅದೂ ಸಮವಾಗಿ ಯಾರೂ ಹಂಚಲ್ಲ. ಅಷ್ಟರಲ್ಲೇ ಅವ್ರು ಯಾರು ಅಂತ ಕೇಳೋರಿಗೆ ಗೊತ್ತಾಗ್ಬೇಕು, ಅದಕ್ಕೇ ಗ್ರೂಪಲ್ಲಿ ಒಬ್ಬೊಬ್ಬರ ದನಿಯ ಒಂದೇ ಒಂದು ಗುಣಾನ ಎತ್ತಿ ಹಿಡೀತಾರೆ. ಇವ್ರು ಹೈ ನೋಟ್, ಇವ್ರು ರ್‍ಯಾಪ್, ಇವ್ರು ಮುದ್ದು ದನಿ, ಹೀಗೆ. ಸೋಲೋದಲ್ಲಿ ಆ 200 ಸೆಕೆಂಡೂ ಅವ್ರದ್ದೇ. ಬರೀ ಹೈ ನೋಟಲ್ಲೇ ಮೂರು ನಿಮಿಷ ಹಾಡಿದ್ರೆ ಕಿವಿ ಸುಸ್ತಾಗತ್ತೆ, ಮೊದಲ ಚರಣ ಕೆಳಗಿನ ಸ್ವರದಲ್ಲಿ ಮಾತಾಡೋ ಹಾಗೆ ಹೇಳ್ಬೇಕು, ಮಧ್ಯ ಏರ್ಬೇಕು, ಕೊನೇಲಿ ಬಿಡ್ಬೇಕು, ಇದೆಲ್ಲ ಗ್ರೂಪಲ್ಲಿ ನಾಲ್ಕು ಜನ ಸೇರಿ ಮಾಡ್ತಿದ್ದ ಕೆಲಸ.

ಅದಕ್ಕೆ ನಾನು ಮಾಡೋದೇನು ಅಂದ್ರೆ, ಗ್ರೂಪ್‌ನ ಐದಾರು ಟೈಟಲ್ ಟ್ರ್ಯಾಕ್, ಅಂದ್ರೆ ಆಲ್ಬಮ್‌ನ ಮುಖ್ಯ ಹಾಡು, ತಗೊಂಡು ಬಯಸ್ ಭಾಗ ಮಾತ್ರ ಕೇಳ್ತೀನಿ. ಶುರುವಿನ ಸಾಲು ಕೊಡ್ತಾರಾ, ಬ್ರಿಡ್ಜ್ (ಕೊನೇ ಪಲ್ಲವಿಗೆ ಮುಂಚೆ ಬರೋ ಬೇರೆ ಥರದ ಭಾಗ) ಕೊಡ್ತಾರಾ, ಕಿಲ್ಲಿಂಗ್ ಪಾರ್ಟ್ ಕೊಡ್ತಾರಾ, ಅಂದ್ರೆ ಹಾಡಿನ ತಲೇಲಿ ಉಳಿಯೋ ಆ ಒಂದು ತುಣುಕು. ಆಮೇಲೆ ಆಲ್ಬಮ್ ಒಳಗಿನ ಹಾಡು, ಡ್ರಾಮಾದ ಓಎಸ್‌ಟಿ (ಟಿವಿ ಸೀರಿಯಲ್‌ಗೆ ಅಂತ ಮಾಡಿದ ಹಾಡು), ಬೇರೆಯವ್ರ ಹಾಡಿಗೆ ಫೀಚರಿಂಗ್, ಇವನ್ನ ಹುಡ್ಕಿ. ಟೇಯಾನ್ ಸೋಲೋ 2015 ಅಂತ ಹೇಳ್ತೀವಿ, ಆದ್ರೆ 2008ರಲ್ಲೇ ಒಂದು ಡ್ರಾಮಾಗೆ 'ಇಫ್' ಅಂತ ಓಎಸ್‌ಟಿ ಹಾಡಿ ಇಡೀ ಕೊರಿಯಾಗೆ ಆ ದನಿ ಪರಿಚಯ ಆಗಿತ್ತು. ಅದನ್ನ ಕೇಳಿದೋರಿಗೆ 2015ರಲ್ಲಿ ಆಶ್ಚರ್ಯ ಏನೂ ಆಗ್ಲಿಲ್ಲ, ಅಂತೂ ಬಂತಲ್ಲ ಅಂತ ಸಮಾಧಾನ ಆಯ್ತು ಅಷ್ಟೇ.

ರಿಲೀಸ್ ದಿನ ಕ್ರೆಡಿಟ್ಸ್ ಓದಿ

ಕೊರಿಯಾದಲ್ಲಿ 2017ರಿಂದೀಚೆ ಜಾಸ್ತಿ ಹಾಡು ಸಂಜೆ 6 ಗಂಟೆಗೆ ಬರತ್ತೆ, ನಮ್ಮ ಟೈಮಲ್ಲಿ ಮಧ್ಯಾಹ್ನ 2:30. ಅದಕ್ಕೆ ಮುಂಚೆ ರಾತ್ರಿ 12ಕ್ಕೆ ಬರ್ತಿತ್ತು, ಫ್ಯಾನ್‌ಗಳು ನಿದ್ದೆಗೆಟ್ಟು ಚಾರ್ಟ್ ಏರಿಸ್ತಾರೆ ಅಂತ ಚಾರ್ಟ್ ನಿಯಮ ಬದಲಾಯಿಸಿದ್ರು. ಎಂವಿ, ಅಂದ್ರೆ ಮ್ಯೂಸಿಕ್ ವಿಡಿಯೋ ನೋಡಿ, ಖುಷಿಪಡಿ, ಹತ್ತು ಸಲ ನೋಡಿ. ಆಮೇಲೆ ಕ್ರೆಡಿಟ್ಸ್ ತೆಗೀರಿ, ಇದು ಮಾತ್ರ ಬಿಡ್ಬೇಡಿ. ಮೆಲಾನ್, ಜೀನಿ ಥರದ ಕೊರಿಯನ್ ಆಪಲ್ಲಿ ಪ್ರತಿ ಹಾಡಿಗೂ ಮೂರು ಸಾಲು ಇರತ್ತೆ: ಜಾಕ್ಸಾ ಅಂದ್ರೆ ಸಾಹಿತ್ಯ ಬರೆದೋರು, ಜಾಕ್‌ಗೋಕ್ ಅಂದ್ರೆ ಟ್ಯೂನ್ ಮಾಡಿದೋರು, ಪ್ಯೋನ್‌ಗೋಕ್ ಅಂದ್ರೆ ಅರೇಂಜ್‌ಮೆಂಟ್. ಈ ಮೂರು ಪದ ಕೊರಿಯನ್ ಲಿಪೀಲಿ ಗುರುತು ಹಿಡಿಯೋಕೆ ಕಲೀರಿ, ಹತ್ತು ನಿಮಿಷದ ಕೆಲಸ, ಜೀವನಪೂರ್ತಿ ಉಪಯೋಗಕ್ಕೆ ಬರತ್ತೆ.

ಹೆಸರಿದ್ರೆ ಒಳ್ಳೆ ಸಿಂಗರ್, ಇಲ್ಲದಿದ್ರೆ ಬೊಂಬೆ ಅಂತ ತೀರ್ಮಾನ ಮಾಡೋಕೆ ಇದು ಅಲ್ಲವೇ ಅಲ್ಲ. ಬೇರೆಯವ್ರು ಬರೆದಿದ್ದನ್ನ ತಮ್ಮದು ಅನ್ನೋ ಹಾಗೆ ಹಾಡೋದೇ ದೊಡ್ಡ ವಿದ್ಯೆ. ಆದ್ರೆ ಒಂದು ಆಲ್ಬಮಿಂದ ಇನ್ನೊಂದು ಆಲ್ಬಮಿಗೆ ಆ ಹೆಸರುಗಳು ಹೇಗೆ ಬದಲಾಗ್ತಾ ಹೋಗತ್ತೆ ಅನ್ನೋದ್ರಲ್ಲಿ ಯಾರು ತೀರ್ಮಾನ ತಗೋತಿದಾರೆ ಅಂತ ಕಾಣತ್ತೆ. ಸನ್ಮಿ ದಾರಿ ಇದಕ್ಕೆ ನನಗೆ ಗೊತ್ತಿರೋ ಅತ್ಯಂತ ಒಳ್ಳೆ ಉದಾಹರಣೆ, ಹಾಗಾಗಿ ಸ್ವಲ್ಪ ಉದ್ದವಾಗೇ ಹೇಳ್ತೀನಿ.

ಸನ್ಮಿ ದಾರೀನ ಹೆಜ್ಜೆ ಹೆಜ್ಜೆಯಾಗಿ ನೋಡೋಣ

ವಂಡರ್ ಗರ್ಲ್ಸ್ 2007ರ ಫೆಬ್ರವರೀಲಿ ಡೆಬ್ಯೂ ಆದಾಗ ಸನ್ಮಿಗೆ ಇನ್ನೂ 15 ತುಂಬಿರ್ಲಿಲ್ಲ. ಅದೇ ವರ್ಷ 'ಟೆಲ್ ಮಿ' ಬಂದು ಇಡೀ ದೇಶ ಕುಣೀತು, ಮುಂದಿನ ವರ್ಷ 'ನೋಬಡಿ'. ಜೆವೈಪಿ ಕಂಪನಿಯ ಯಜಮಾನರಾದ ಪಾರ್ಕ್ ಜಿನ್‌ಯಂಗ್ ಆ ಹುಡುಗೀರನ್ನ ಅಮೆರಿಕಾಗೆ ಕರ್ಕೊಂಡು ಹೋದ್ರು, 2009ರ ಅಕ್ಟೋಬರಲ್ಲಿ 'ನೋಬಡಿ' ಅಲ್ಲಿನ ಹಾಡುಗಳ ಚಾರ್ಟ್ ಬಿಲ್‌ಬೋರ್ಡ್ ಹಾಟ್ 100ರಲ್ಲಿ 76ನೇ ಜಾಗಕ್ಕೆ ಬಂತು, ಅಲ್ಲೀತನಕ ಯಾವ ಕೊರಿಯನ್ ಗ್ರೂಪೂ ಆ ಚಾರ್ಟಲ್ಲಿ ಕಾಣಿಸಿರ್ಲಿಲ್ಲ. ಅಂಥ ಎತ್ತರದಲ್ಲಿದ್ದಾಗ, 2010ರ ಶುರುವಲ್ಲಿ, ಸನ್ಮಿ ಗ್ರೂಪ್ ಬಿಡ್ತೀನಿ, ಓದ್ತೀನಿ ಅಂದ್ರು. ಆಗ ಎಲ್ಲರೂ ಇದು ಕೊನೆ ಅಂದ್ರು, ನಾನೂ ಅಂದ್ಕೊಂಡೆ.

2013ರ ಆಗಸ್ಟಲ್ಲಿ ಅದೇ ಜೆವೈಪಿಯಿಂದ '24 ಅವರ್ಸ್' ಬಂತು. ಪೋಸ್ಟರ್ ಪ್ರಕಾರ ಇದೇ ಸೋಲೋ ಡೆಬ್ಯೂ. ಹಾಡು ಪಾರ್ಕ್ ಜಿನ್‌ಯಂಗ್ ಅವ್ರದ್ದು, ಬರಿಗಾಲಲ್ಲಿ ಸ್ಟೇಜ್ ಮೇಲೆ ಕುಣಿದ ಆ ರೂಪಾನ ಮರೆಯೋಕಾಗಲ್ಲ. ಚೆನ್ನಾಗಿತ್ತು, ತುಂಬಾ ಚೆನ್ನಾಗಿತ್ತು, ಆದ್ರೆ ಈಗ ಮತ್ತೆ ಕೇಳಿದ್ರೆ ಗೊತ್ತಾಗತ್ತೆ, ಅದು ಪಾರ್ಕ್ ಜಿನ್‌ಯಂಗ್ ಕಣ್ಣಿಗೆ ಕಂಡ ಸನ್ಮಿ. ಉಸಿರು ಬಿಡೋ ರೀತೀಲೂ ಅವ್ರ ಛಾಪಿದೆ, ಅವ್ರ ಹಾಡು ತುಂಬಾ ಕೇಳಿದೋರಿಗೆ ಇದು ಬೇಗ ಹೊಳೆಯತ್ತೆ.

2015ರಲ್ಲಿ ಸನ್ಮಿ ಗ್ರೂಪಿಗೆ ವಾಪಸ್ ಬಂದ್ರು, ಈ ಸಲ ಬ್ಯಾಂಡ್ ರೂಪದಲ್ಲಿ, ಸನ್ಮಿ ಕೈಲಿ ಬೇಸ್ ಗಿಟಾರ್. ಜನ ಈ ಭಾಗಾನ ಹಾರಿಸಿಬಿಡ್ತಾರೆ, ಆದ್ರೆ ನನ್ನ ಪ್ರಕಾರ ಇಡೀ ಕಥೆಯ ತಿರುವು ಇರೋದೇ ಇಲ್ಲಿ. ಬೇಸ್ ಹಿಡಿದ ಮೇಲೆ ಹಾಡು ಒಳಗಿಂದ ಹೇಗೆ ನಿಂತಿರತ್ತೆ ಅಂತ ಕಾಣೋಕೆ ಶುರು ಆಗತ್ತೆ. 2016ರಲ್ಲಿ ಬಂದ 'ವೈ ಸೋ ಲೋನ್ಲಿ' ಕ್ರೆಡಿಟ್ಸ್ ತೆಗೆದು ನೋಡಿ, ಟ್ಯೂನಲ್ಲಿ ಸನ್ಮಿ ಮತ್ತೆ ಇನ್ನೊಬ್ಬ ಮೆಂಬರ್ ಹೇರಿಮ್ ಹೆಸರು ಇದೆ. ಪಾರ್ಕ್ ಜಿನ್‌ಯಂಗ್ ಬರೀದೇ ಇರೋ ಹಾಡೊಂದು ವಂಡರ್ ಗರ್ಲ್ಸ್ ಟೈಟಲ್ ಆಗಿ ಬಂದು ಗೆದ್ದಿದ್ದು. ಅದಾಗಿ ಆರು ತಿಂಗಳಿಗೆ, 2017ರ ಜನವರೀಲಿ, ಗ್ರೂಪ್ ಮುಗೀತು ಅಂತ ಅನೌನ್ಸ್ ಆಯ್ತು, ಫೆಬ್ರವರಿ 10ಕ್ಕೆ, ಡೆಬ್ಯೂ ಆಗಿ ಹತ್ತು ವರ್ಷಕ್ಕೆ, ಕೊನೇ ಹಾಡು ಬಿಟ್ರು. ಆವತ್ತಿನ ಹಾಡು ಕೇಳ್ತಾ ನಾನು ಅತ್ತಿದೀನಿ, ಮುಚ್ಚಿಡೋಕೆ ಏನಿದೆ.

ಸನ್ಮಿ ಮಾರ್ಚಲ್ಲಿ ಮೇಕಸ್ ಅನ್ನೋ ಬೇರೆ ಕಂಪನಿ ಸೇರಿದ್ರು, ಅದೇ ಆಮೇಲೆ ಅಬಿಸ್ ಕಂಪನಿ ಆಯ್ತು. ಆಗಸ್ಟ್ 22ಕ್ಕೆ 'ಗಾಶಿನಾ'. ಈ ಪದಕ್ಕೆ ಕೊರಿಯನ್‌ನಲ್ಲಿ ಎರಡು ಮೂರು ಅರ್ಥ ಒಟ್ಟಿಗೆ ಬರತ್ತೆ, ಮುಳ್ಳು ಅಂತಾನೂ ಕೇಳ್ಸತ್ತೆ, ಹೋಗ್ತಿದೀಯಾ ಅಂತಾನೂ ಕೇಳ್ಸತ್ತೆ, ಗ್ಯೋಂಗ್‌ಸಾಂಗ್ ಕಡೆಯವ್ರ ಆಡುಮಾತಲ್ಲಿ ಹುಡುಗಿ ಅಂತಾನೂ ಆಗತ್ತೆ. ಬಂದೂಕು ಹಿಡಿದ ಹಾಗೆ ಬೆರಳು ಚಾಚೋ ಆ ಸ್ಟೆಪ್ಪನ್ನ ಆ ವರ್ಷ ಮಾಡದೇ ಇದ್ದೋರೇ ಇಲ್ಲ. ಆದ್ರೆ ಕ್ರೆಡಿಟ್ಸ್ ನೋಡಿದ್ರೆ ಟ್ಯೂನ್ ಟೆಡ್ಡಿ ಅನ್ನೋ ಪ್ರೊಡ್ಯೂಸರ್ ಮತ್ತೆ ದಿ ಬ್ಲ್ಯಾಕ್ ಲೇಬಲ್ ತಂಡದ್ದು. 2018ರ ಜನವರೀಲಿ ಬಂದ 'ಹೀರೋಯಿನ್' ಕೂಡ ಅದೇ ತಂಡ. ಕಂಪನಿ ಬದಲಾಗಿದೆ, ರೂಪ ಬದಲಾಗಿದೆ, ಹಿಟ್ ಆಗಿದೆ, ಆದ್ರೂ ಟ್ಯೂನ್ ಇನ್ನೂ ಬೇರೆಯವ್ರ ಕೈದು.

2018ರ ಸೆಪ್ಟೆಂಬರಲ್ಲಿ 'ಸೈರನ್' ಬಂತು. ಸಾಹಿತ್ಯ ಸನ್ಮಿದು, ಟ್ಯೂನ್ ಫ್ರಾಂಟ್ಸ್ ಅನ್ನೋ ಪ್ರೊಡ್ಯೂಸರ್ ಜೊತೆ ಸೇರಿ ಮಾಡಿದ್ದು. ಇದ್ರಲ್ಲಿ ಎದೆ ಮುಟ್ಟೋ ವಿಷಯ ಏನಂದ್ರೆ ಈ ಹಾಡು ಹುಟ್ಟಿದ್ದು ಅದಕ್ಕೂ ಮೂರು ವರ್ಷ ಮುಂಚೆ, ವಂಡರ್ ಗರ್ಲ್ಸ್ ಬ್ಯಾಂಡ್ ಆಗಿದ್ದಾಗ, ಗ್ರೂಪಿಗೇ ಅಂತ ಬರೆದಿದ್ದು, ಆದ್ರೆ ಬ್ಯಾಂಡ್ ಸೌಂಡಿಗೆ ಹೊಂದ್ಲಿಲ್ಲ ಅಂತ ಪಕ್ಕಕ್ಕಿಟ್ಟಿದ್ರು. ಗ್ರೂಪಿಗಾಗಿ ಬರೆದ ಹಾಡನ್ನೇ ಇಟ್ಕೊಂಡು ಸನ್ಮಿ ನಿಜವಾಗ್ಲೂ ಸೋಲೋ ಆದ್ರು ಅಂತ ನಾನು ಹೇಳೋದು. ಡೆಬ್ಯೂ ಪೋಸ್ಟರಿಂದ ಲೆಕ್ಕ ಹಾಕಿದ್ರೆ ಐದು ವರ್ಷ ಆಗಿತ್ತು. ಅದಾದ ಮೇಲೆ 'ನ್ವಾರ್', 'ಲಾಲಾಲೇ', 'ಪೊರಾಪಿಪ್ಪಾಂ', ಒಂದೊಂದರಲ್ಲೂ ಸಣ್ಣದಾಗಿ ಹಳೇ ಕಾಲದ ಸಿಂಥ್, ಓಡೋ ಬೇಸ್‌ಲೈನ್, ಅಳು ಮುಚ್ಚಿಕೊಂಡು ಕುಣಿಯೋ ಭಾವ, ಎರಡು ಸೆಕೆಂಡ್ ಕೇಳಿದ್ರೆ ಸಾಕು ಇದು ಸನ್ಮಿ ಹಾಡು ಅಂತ ಹೇಳ್ಬೋದು. ಕೊರಿಯಾದಲ್ಲಿ ಇದಕ್ಕೆ ಸನ್ಮಿ-ಪಾಪ್ ಅಂತಾನೇ ಹೆಸರಾಯ್ತು.

ನಿಮ್ಮ ಬಯಸ್‌ಗೂ ಇದೇ ಲೆಕ್ಕ ಇಡಿ. ಮೊದಲ ಸೋಲೋ ಕೇಳಿ ತೀರ್ಪು ಕೊಡ್ಬೇಡಿ, ಮೂರನೇ ನಾಲ್ಕನೇ ರಿಲೀಸ್ ತನಕ ಕಾಯಿರಿ. ಮೊದಲನೇದ್ರಲ್ಲಿ ಕಂಪನಿ ಭಯ ಇರತ್ತೆ, ದುಡ್ಡು ಹಾಕಿರ್ತಾರೆ, ಗ್ರೂಪ್ ಫ್ಯಾನ್ಸ್ ಕೈ ಬಿಡಬಾರ್ದು ಅಂತ ಗ್ರೂಪ್ ಸೌಂಡಿಗೆ ಹತ್ರ ಇರೋದನ್ನೇ ಆರಿಸ್ತಾರೆ. ಆ ಭಯ ಇಳಿದ ಮೇಲೇನೇ ಸಿಂಗರ್ ಮುಖ ಕಾಣೋದು.

ಸ್ಟೇಜ್ ಮೇಲೆ ಏನ್ ಗಮನಿಸ್ಬೇಕು

ಗುರುವಾರ ಎಂ ಕೌಂಟ್‌ಡೌನ್, ಶುಕ್ರವಾರ ಕೆಬಿಎಸ್‌ನ ಮ್ಯೂಸಿಕ್ ಬ್ಯಾಂಕ್, ಶನಿವಾರ ಎಂಬಿಸಿಯ ಮ್ಯೂಸಿಕ್ ಕೋರ್, ಭಾನುವಾರ ಎಸ್‌ಬಿಎಸ್‌ನ ಇಂಕಿಗಾಯೋ, ರಿಲೀಸ್ ಆದ ವಾರ ಟಿವಿಯ ಈ ಮ್ಯೂಸಿಕ್ ಶೋಗಳೆಲ್ಲಾ ಸಾಲಾಗಿ ಬರತ್ತೆ. ಗ್ರೂಪಲ್ಲಿ ತಮ್ಮ ಭಾಗ ಹಾಡಿ ಹಿಂದೆ ಹೋದಾಗ ಉಸಿರು ತಗೊಳ್ಳೋಕೆ ಹತ್ತು ಹದಿನೈದು ಸೆಕೆಂಡ್ ಸಿಗತ್ತೆ, ಸೋಲೋದಲ್ಲಿ ಅದು ಇಲ್ಲ. ಕುಣೀತಾನೇ ಹಾಡ್ಬೇಕು, ಹಾಡ್ತಾನೇ ಕ್ಯಾಮೆರಾ ಹುಡುಕ್ಬೇಕು. ಹಾಗಾಗಿ ಒಳ್ಳೆ ಕೊರಿಯೋಗ್ರಾಫರ್‌ಗಳು ಕಷ್ಟದ ಸಾಲು ಬಂದಾಗ ಸಿಂಗರ್‌ನ ನಿಲ್ಲಿಸಿ ಡ್ಯಾನ್ಸರ್‌ಗಳನ್ನ ಓಡಿಸ್ತಾರೆ, ಒಂದ್ಸಲ ಗಮನಿಸಿದ್ರೆ ಆಮೇಲೆ ಪ್ರತೀ ಸಲ ಕಾಣತ್ತೆ. ಚಂಗ್‌ಹಾ ಸ್ಟೇಜ್‌ಗಳನ್ನ ಇದಕ್ಕೇ ಅಂತ ನೋಡಿ. ನಿಲ್ಲಬೇಕಾದ ಕಡೇಲೂ ನಿಲ್ಲದೇ ಡ್ಯಾನ್ಸರ್‌ಗಳ ಮಧ್ಯದಲ್ಲೇ ಇದ್ಕೊಂಡು ಹಾಡ್ತಾರೆ, 2018ರ 'ರೋಲರ್ ಕೋಸ್ಟರ್' ಮತ್ತೆ 2019ರ ಜನವರೀಲಿ ಬಂದ 'ಗಾಟ್ಟಾ ಗೋ' ಪಕ್ಕಪಕ್ಕ ಇಟ್ಟು ನೋಡಿದ್ರೆ ಒಂದೇ ವರ್ಷದಲ್ಲಿ ಸ್ಟೇಜ್ ಮೇಲೆ ಎಷ್ಟು ಹಗುರ ಆಗಿದಾರೆ ಅಂತ ಗೊತ್ತಾಗತ್ತೆ. ಮ್ಯೂಸಿಕ್ ಶೋಲಿ ಅವ್ರಿಗೆ ಮೊದಲ ಗೆಲುವು ಸಿಕ್ಕಿದ್ದೂ ಈ ಎರಡನೇ ಹಾಡಿಗೇ.

ಲೈವ್ ದನಿ ಕೇಳ್ಬೇಕು ಅಂದ್ರೆ ಎನ್‌ಕೋರ್ ಸ್ಟೇಜ್ ನೋಡಿ, ಗೆದ್ದ ಮೇಲೆ ಟ್ರೋಫಿ ಹಿಡ್ಕೊಂಡು ಹಾಡೋದು. ಅಲ್ಲಿ ಹಿಂದೆ ಬರೋದು ಎಂಆರ್, ಅಂದ್ರೆ ಬರೀ ಮ್ಯೂಸಿಕ್. ಮಾಮೂಲಿ ಸ್ಟೇಜಲ್ಲಿ ಎಷ್ಟೋ ಸಲ ದನೀನೂ ಸೇರಿಸಿ ರೆಕಾರ್ಡ್ ಮಾಡಿರೋ ಎಆರ್ ಮೆಲ್ಲಗೆ ಹಿಂದೆ ಓಡ್ತಿರತ್ತೆ. ಆದ್ರೆ ಅತ್ತು ನಕ್ಕು ಉಸಿರು ಸಿಕ್ಕಿ ಹಾಡಿದ ಎನ್‌ಕೋರ್ ಇಟ್ಕೊಂಡು ಇವ್ರಿಗೆ ಹಾಡೋಕೆ ಬರಲ್ಲ ಅಂತ ಕ್ಲಿಪ್ ಮಾಡಿ ಹಾಕೋದು ತಪ್ಪು. ಬ್ಯಾಂಡ್ ಜೊತೆ ಕೂತು ಹಾಡಿರೋ ಲೈವ್ ವಿಡಿಯೋ ಸಿಗತ್ತೆ, ದನಿ ಹೇಗಿದೆ ಅಂತ ನೋಡ್ಬೇಕಾದ್ರೆ ಅದನ್ನ ನೋಡಿ.

ನಂಬರ್‌ಗಳನ್ನ ಹೇಗ್ ಓದೋದು

ಛೋದೋಂಗ್ ಅಂತ ಒಂದು ಪದ ಕೇಳಿರ್ತೀರ, ಆಲ್ಬಮ್ ಬಂದ ಮೊದಲ ವಾರದ ಮಾರಾಟ, ಹಾಂತಿಯೋ ಚಾರ್ಟಲ್ಲಿ ಲೆಕ್ಕ ಸಿಗತ್ತೆ. ಇದು ಫ್ಯಾನ್‌ಗಳು ಎಷ್ಟು ಜನ, ಎಷ್ಟು ಗಟ್ಟಿ ಅಂತ ಹೇಳತ್ತೆ. 2023ರಲ್ಲಿ ಜಿಸೂ ಅವ್ರ ಸೋಲೋ 10 ಲಕ್ಷ ಪ್ರತಿ ದಾಟಿದ್ದು ಈ ಲೆಕ್ಕದಲ್ಲಿ. ಮೆಲಾನ್ ಚಾರ್ಟ್ ಹೇಳೋದು ಬೇರೆ, ಫ್ಯಾನ್ ಅಲ್ಲದ ಜನ ಬಸ್ಸಲ್ಲಿ, ಆಫೀಸಲ್ಲಿ ಕೇಳ್ತಿದಾರಾ ಅಂತ. ಒಂದು ಜಾಸ್ತಿ ಇದ್ದು ಇನ್ನೊಂದು ಕಮ್ಮಿ ಇರೋದು ತುಂಬಾ ಮಾಮೂಲು. ಎರಡನ್ನೂ ಸೇರಿಸಿ ನೋಡೋಕೆ ಸರ್ಕಲ್ ಚಾರ್ಟ್ ಇದೆ, 2022ರ ತನಕ ಅದ್ರ ಹೆಸರು ಗಾವನ್ ಅಂತಿತ್ತು.

ಮೊದಲ ವಾರ ಕಮ್ಮಿ ಬಂದ್ರೆ ಕೈ ಚೆಲ್ಲಬೇಡಿ. ಐಜ್‌ವನ್ ಗ್ರೂಪಿಂದ ಬಂದ ಕ್ವೋನ್ ಉನ್‌ಬಿ 2022ರ ಅಕ್ಟೋಬರಲ್ಲಿ 'ಅಂಡರ್‌ವಾಟರ್' ತಂದಾಗ ದೊಡ್ಡದಾಗಿ ಏನೂ ಆಗ್ಲಿಲ್ಲ. 2023ರ ಬೇಸಿಗೇಲಿ ವಾಟರ್‌ಬಾಂಬ್ ಅನ್ನೋ ನೀರಾಟದ ಫೆಸ್ಟಿವಲಲ್ಲಿ ಅವ್ರು ಹಾಡಿದ ವಿಡಿಯೋ ಎಲ್ಲಾ ಕಡೆ ಓಡಿ, ತಿಂಗಳುಗಟ್ಟಲೆ ಹಳೇದಾದ ಆ ಹಾಡು ಮತ್ತೆ ಚಾರ್ಟ್ ಹತ್ತಿತು. ಹೀಗೆ ಹಿಂದಿಂದ ಮೇಲೆ ಬರೋದಕ್ಕೆ ಯೋಕ್ಜುಹೇಂಗ್ ಅಂತಾರೆ, ಎದುರು ದಿಕ್ಕಲ್ಲಿ ಗಾಡಿ ಓಡಿಸೋದು ಅಂತ ಅರ್ಥ.

ಬಿಲ್‌ಬೋರ್ಡ್ ಲೆಕ್ಕ ಇನ್ನೊಂದು ದಾರಿ. ನಯಾನ್ ಅವ್ರ ಮೊದಲ ಆಲ್ಬಮ್ ಅಮೆರಿಕಾದ ಆಲ್ಬಮ್ ಚಾರ್ಟ್ ಬಿಲ್‌ಬೋರ್ಡ್ 200ರಲ್ಲಿ 7ನೇ ಜಾಗ, ರೋಸೇ ಬ್ರೂನೋ ಮಾರ್ಸ್ ಜೊತೆ 2024ರ ಅಕ್ಟೋಬರಲ್ಲಿ ಹಾಡಿದ 'ಅಪಾಟು' ಹಾಟ್ 100ರಲ್ಲಿ 3ನೇ ಜಾಗ. ಖುಷಿಪಡೋ ವಿಷಯಾನೇ, ಆದ್ರೆ ಅದೇ ಅಳತೆಗೋಲು ಹಿಡ್ಕೊಂಡು ಕೊರಿಯಾದೊಳಗೆ ಹಾಡಿ ಬದುಕ್ತಿರೋರನ್ನ ಅಳೀಬೇಡಿ. ಲೀ ಹ್ಯೋರಿ 1998ರಲ್ಲಿ ಫಿಂಕಲ್ ಗ್ರೂಪಲ್ಲಿ ಬಂದು 2003ರಲ್ಲಿ '10 ಮಿನಿಟ್ಸ್' ಹಾಡಿದಾಗ ಬಿಲ್‌ಬೋರ್ಡ್ ಅಂತ ಯಾರೂ ಯೋಚಿಸ್ಲಿಲ್ಲ, ಆದ್ರೂ ಗರ್ಲ್ ಗ್ರೂಪಿಂದ ಬಂದೋರು ಒಬ್ಬರೇ ನಿಂತು ಇಡೀ ದೇಶಾನ ತಮ್ಮ ಕಡೆ ತಿರುಗಿಸ್ಬೋದು ಅಂತ ಆವತ್ತೇ ಗೊತ್ತಾಗಿದ್ದು. ಆಮೇಲೆ ಬಂದ ಎಲ್ಲರೂ ಆ ದಾರೀಲೇ ನಡೆದಿರೋದು.

ಫ್ಯಾನ್ ಆಗಿ ನಾವು ಏನ್ ಮಾಡ್ಬೇಕು

ಒಬ್ಬರನ್ನ ಪ್ರೀತಿಸೋಕೆ ಉಳಿದ ಮೆಂಬರ್‌ಗಳನ್ನ ಬೈಯೋ ಫ್ಯಾನ್‌ಗಳಿಗೆ ಆಕ್‌ಗೇ ಅಂತಾರೆ, ಕೊರಿಯಾದಲ್ಲೂ ಅದು ಬೈಗುಳಾನೇ. ಸೋಲೋ ಸೀಸನಲ್ಲಿ ಇವ್ರ ಕಾಟ ಜಾಸ್ತಿ, ಅಂಥ ಅಕೌಂಟ್‌ಗಳನ್ನ ಮ್ಯೂಟ್ ಮಾಡಿ, ವಾದ ಮಾಡೋಕೆ ಹೋಗ್ಬೇಡಿ. ಸಿಂಗರ್‌ಗಳೇ ಆ ಜಗಳ ಇಟ್ಕೊಂಡಿಲ್ಲ. ಗ್ರೂಪ್ ಮುಗಿದು ಮೂರು ವರ್ಷಕ್ಕೆ, 2020ರ ಆಗಸ್ಟಲ್ಲಿ, ಸನ್ಮಿ ತಮ್ಮ ಹಳೇ ಯಜಮಾನರಾದ ಪಾರ್ಕ್ ಜಿನ್‌ಯಂಗ್ ಜೊತೇಲೇ 'ವೆನ್ ವಿ ಡಿಸ್ಕೋ' ಅಂತ ಡ್ಯುಯೆಟ್ ಹಾಡಿದ್ರು, ಇಬ್ಬರೂ ಮನಸಾರೆ ಕುಣೀತಿದಾರೆ ನೋಡಿ ಅದ್ರಲ್ಲಿ. 2ಎನ್‌ಇ1 ಅನ್ನೋ ಗರ್ಲ್ ಗ್ರೂಪ್ 2016ರಲ್ಲಿ ಮುಗೀತು ಅಂದಿದ್ರು, 2024ರ ಅಕ್ಟೋಬರಲ್ಲಿ ನಾಲ್ಕೂ ಜನ ಸಿಯೋಲಲ್ಲಿ ಕಾನ್ಸರ್ಟ್ ಮಾಡಿದ್ರು. ಹಾಗಾಗಿ ಕಾನ್ಸರ್ಟಲ್ಲಿ ಬೀಸೋ ಗ್ರೂಪ್‌ನ ಹಳೇ ಲೈಟ್‌ಸ್ಟಿಕ್ ಎಸೀಬೇಡಿ, ಬ್ಯಾಟರಿ ಮಾತ್ರ ತೆಗೆದಿಡಿ, ಒಳಗೆ ಲೀಕ್ ಆಗಿ ಹಾಳಾಗತ್ತೆ.

ಹಾಡನ್ನ ಸರಿಯಾದ ಆಪಲ್ಲಿ, ಅಧಿಕೃತ ಚಾನಲಲ್ಲಿ ಕೇಳಿ. ಒಬ್ಬರೇ ಕಂಪನಿ ನಡೆಸ್ತಿರೋರಿಗೆ, ಸಣ್ಣ ಕಂಪನೀಲಿ ಇರೋರಿಗೆ ಇದು ದೊಡ್ಡ ಕಂಪನಿಯವ್ರಿಗಿಂತ ಎಷ್ಟೋ ಪಟ್ಟು ಮುಖ್ಯ. ಡ್ಯಾನ್ಸರ್ ದುಡ್ಡು, ಬಟ್ಟೆ ದುಡ್ಡು, ಎಂವಿ ದುಡ್ಡು ಎಲ್ಲಾ ಕಳೆದ ಮೇಲೆ ಉಳಿದಿದ್ದೇ ಅವ್ರಿಗೆ ಸಿಗೋದು, ಗ್ರೂಪಲ್ಲಿ ಆ ಖರ್ಚು ಹಂಚ್ಕೊಳ್ಳೋಕೆ ಜನ ಇದ್ರು, ಇಲ್ಲಿ ಯಾರೂ ಇಲ್ಲ.

ಇವತ್ತೇ ಶುರು ಮಾಡ್ಬೇಕು ಅನ್ಸಿದ್ರೆ ಮೂರೇ ಹಾಡಿನ ಒಂದು ಪ್ಲೇಲಿಸ್ಟ್ ಮಾಡಿ. ನಿಮ್ಮ ಬಯಸ್ ಪೋಸ್ಟರಲ್ಲಿ ಸೋಲೋ ಅಂತ ಬಂದ ಮೊದಲ ಹಾಡು, ಕಂಪನಿನೋ ಗ್ರೂಪೋ ಬದಲಾದ ಮೇಲಿನ ಮೊದಲ ಹಾಡು, ಜಾಕ್‌ಗೋಕ್ ಸಾಲಲ್ಲಿ ಅವ್ರ ಹೆಸರು ಇರೋ ಮೊದಲ ಸೋಲೋ ಟೈಟಲ್. ಮೂರನೇದು ಇನ್ನೂ ಬಂದಿಲ್ಲ ಅಂದ್ರೆ ಆ ಜಾಗ ಖಾಲಿ ಬಿಡಿ. ಸನ್ಮಿಗಾದ್ರೆ ನನ್ನ ಲಿಸ್ಟ್ '24 ಅವರ್ಸ್', 'ಗಾಶಿನಾ', 'ಸೈರನ್'. ಹೆಡ್‌ಫೋನ್ ಹಾಕ್ಕೊಂಡು ಇದೇ ಕ್ರಮದಲ್ಲಿ ಒಂದೇ ಕೂತಲ್ಲಿ ಕೇಳಿ, ಮೂರನೇ ಹಾಡು ಬಂದಾಗ ಕಣ್ಣು ಮುಚ್ಚಿ ಬೇಸ್ ಮೇಲೆ ಗಮನ ಇಡಿ.